ಹಾಫ್ ಕ್ಲಚ್ ಮೇಷ್ಟ್ರು ಕೊಳ್ಳದೇ ಬಿಟ್ಟ ಕಾರು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಆ ಬೀದಿಗಳಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರೂ ಮರೆತಿದ್ದರು. ಎಲ್ಲರಿಗೂ ಅವರು ಹಾಫ್ ಕ್ಲಚ್ ಮೇಷ್ಟ್ರು. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದೆ, ಮುಂದಕ್ಕೂ ನೆಗೆಯದೆ, ಇದ್ದಲ್ಲೇ ಗುರ್ ಎನ್ನುತ್ತ ನಿಲ್ಲಬೇಕಾದರೆ ಕ್ಲಚ್ಚನ್ನು ಅರ್ಧ ಒತ್ತಿ ಅರ್ಧ ಬಿಟ್ಟು ಹಿಡಿಯಬೇಕಲ್ಲ, ಅದನ್ನು ಕಲಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. "ಹಾಫ್ ಕ್ಲಚ್, ಹಾಫ್ ಕ್ಲಚ್! ಪೂರ್ತಿ ಬಿಡಬೇಡ, ಪೂರ್ತಿ ಒತ್ತಬೇಡ" ಎಂದು ದಿನವಿಡೀ ಹೇಳಿ ಹೇಳಿ ಅದೇ ಹೆಸರಾಗಿ ನಿಂತಿತು.

ಹೆಸರಿಟ್ಟ ಪುಣ್ಯಾತ್ಮರಿಗೆ ಮೇಷ್ಟ್ರ ಸ್ವಭಾವವೂ ಗೊತ್ತಿತ್ತೋ ಏನೋ. ಮನುಷ್ಯ ಮನೆಯಲ್ಲೂ ಹಾಗೇ. ಯಾವ ಮಾತನ್ನೂ ಪೂರ್ತಿ ಆಡಿದವರಲ್ಲ. ಬೇಕು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ, "ನೋಡೋಣ" ಎನ್ನುತ್ತಾರೆ. ಹಾಸಿಗೆ ಬದಲಾಯಿಸೋಣವೇ? ನೋಡೋಣ. ತಂಗಿಯ ಮನೆಗೆ ಹೋಗೋಣವೇ? ನೋಡೋಣ. ಅವರ ಹೆಂಡತಿ ಬೀದಿ ಕೊನೆಯಲ್ಲಿ ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಪ್ಯಾಂಟಿನ ಉದ್ದ ಕಡಿಮೆ ಮಾಡು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕು, ಇದೇ ಕೆಲಸ. ಕತ್ತರಿಯಷ್ಟೇ ಅವಳ ಬಾಯೂ ಚುರುಕು. "ನಿಮ್ಮ ಜೊತೆ ಸಂಸಾರ ಮಾಡೋದೂ ಒಂದೇ, ಅಡ್ಡಗೋಡೆ ಮೇಲೆ ದೀಪ ಇಟ್ಕೊಂಡು ಬದುಕೋದೂ ಒಂದೇ ಕಣ್ರೀ. ಈ ಕಡೆಗೂ ಬೆಳಕಿಲ್ಲ, ಆ ಕಡೆಗೂ ಇಲ್ಲ" ಎಂದು ಮಷೀನು ತುಳಿಯುತ್ತಲೇ ರೇಗಿಸುತ್ತಿದ್ದಳು. ಮೇಷ್ಟ್ರು ನಕ್ಕು ಸುಮ್ಮನಾಗುತ್ತಿದ್ದರು. ಜಗಳವಿಲ್ಲದೆ ಬದುಕು ಸಾಗುತ್ತಿತ್ತಲ್ಲ, ಅಷ್ಟಕ್ಕೇ ತೃಪ್ತಿ.

ಅವರ ಕೆಲಸವೂ ಅದಕ್ಕೆ ತಕ್ಕ ಹಾಗೇ ಇತ್ತು. ಸ್ಕೂಲಿನದು ಒಂದು ಬಿಳಿ ಪುಟ್ಟ ಕಾರು. ತಲೆ ಮೇಲೆ ಬೋರ್ಡು. ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕಾದರೆ, ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು. ಕಲಿಯುವವರು ಗಾಬರಿಯಾಗಿ ಎಲ್ಲಿಗೋ ನುಗ್ಗಿಸಿದರೆ ಮೇಷ್ಟ್ರು ತಮ್ಮ ಬ್ರೇಕು ಒತ್ತಿ ನಿಲ್ಲಿಸುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಕಾರಿನಲ್ಲೇ ಕೂತಿರುವ ಮನುಷ್ಯ, ಸ್ಟೀರಿಂಗ್ ಹಿಡಿಯುವುದು ಮಾತ್ರ ಅಪರೂಪ. ವೇಗ ಅನ್ನುವುದನ್ನಂತೂ ಕಂಡೇ ಇಲ್ಲ. ಎಮ್ಮೆಗಾಡಿಯವನು ಕೂಡ ಹೋಯ್ ಎಂದು ಕೂಗಿ ಮುಂದೆ ಹೋಗುವಷ್ಟು ನಿಧಾನ.

ಇಂಥ ಮನುಷ್ಯನಿಗೆ ಬಂದ ಆಸೆ ಎಂಥದ್ದು ನೋಡಿ! ಪಾಠದ ದಾರಿಯಲ್ಲಿ ಒಂದು ಟೈಲ್ಸ್ ಅಂಗಡಿ. ಅದರ ಹಿಂದೆ, ಒಡೆದ ಟೈಲ್ಸಿನ ರಾಶಿಯ ಪಕ್ಕ, ಬೂದು ಬಣ್ಣದ ಹೊದಿಕೆ ಹೊದ್ದು ಏನೋ ಮಲಗಿತ್ತು. ಒಂದು ದಿನ ಗಾಳಿಗೆ ಹೊದಿಕೆ ಸರಿಯಿತು. ಎರಡೇ ಬಾಗಿಲಿನ, ಗಾಢ ನೀಲಿಯ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿದ್ದ ಸ್ಪೋರ್ಟ್ಸ್ ಕಾರು. ಮೇಷ್ಟ್ರು ಕತ್ತು ತಿರುಗಿಸಿ ನೋಡುತ್ತ ಕೂತರು. ಕಲಿಯುತ್ತಿದ್ದವನು ಅಷ್ಟರಲ್ಲಿ ಫುಟ್‌ಪಾತು ಹತ್ತಿಸಿಯಾಗಿತ್ತು.

ಮಾರುತ್ತಾರಂತೆ ಎಂದು ತಿಳಿದ ಮೇಲೆ ಮೇಷ್ಟ್ರಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಲೆಯೋ, ಹಳೆಯದೊಂದು ಸಾದಾ ಕಾರಿಗಿಂತ ಕಡಿಮೆ. ಯಾಕೆ ಕಡಿಮೆ ಎಂದು ಟೈಲ್ಸ್ ಅಂಗಡಿಯವನನ್ನು ಕೇಳಿದರೆ ಅವನು ಹಲ್ಲು ಬಿಟ್ಟು, "ಪೆಟ್ರೋಲ್ ಕುಡಿಯತ್ತೆ ಸಾರ್, ಸ್ಪೇರು ಸಿಗಲ್ಲ, ಇನ್ಶೂರೆನ್ಸು ಜಾಸ್ತಿ. ಯಾರಿಗೆ ಬೇಕು ಹೇಳಿ? ಶೋಕಿಗೆ ತಗೊಂಡಿದ್ದೆ, ಶೋಕಿ ಮುಗೀತು" ಎಂದ. ನಿಜವೇ. ಇಂಥ ಗಾಡಿಗಳನ್ನು ಮೈ ಮುರಿಯುವ ಹಾಗೆ ಓಡಿಸಿರುತ್ತಾರೆ. ಹೊರಗೆ ಫಳಫಳ, ಒಳಗೆ ಹುರುಳಿರುವುದಿಲ್ಲ. ಎಂಜಿನ್ನಿಗೆ ಕಸುವು ಕೊಡುವ ಟರ್ಬೋ ಹೋದರೆ ಕಾರಿನ ಬೆಲೆಯಷ್ಟೇ ರಿಪೇರಿಗೂ ಸುರಿಯಬೇಕು. ಇದೆಲ್ಲ ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಮನಸ್ಸು ಕೇಳಬೇಕಲ್ಲ!

"ಅದರಲ್ಲಿ ಕೂತ್ಕೊಳ್ಳೋದು ಸುಲಭ, ಎದ್ದೇಳೋಕೆ ಕ್ರೇನ್ ತರಿಸ್ಬೇಕಾಗತ್ತೆ ನಿಮ್ಮ ಸೊಂಟಕ್ಕೆ" ಎಂದು ಹೆಂಡತಿ ನಕ್ಕಳು. ಆಮೇಲೆ ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ಅಷ್ಟು ಇಷ್ಟ ಇದ್ರೆ ತಗೊಳ್ಳಿ ಅತ್ಲಾಗೆ. ಒಂದೇ ಒಂದ್ಸಲನಾದ್ರೂ ಬೇಕು ಅಂತ ಬಾಯಿಬಿಟ್ಟು ಹೇಳಿ. ಆದ್ರೆ ನನ್ನ ತಮ್ಮನಿಗೆ ತೋರಿಸ್ದೆ ಮುಟ್ಟಬೇಡಿ."

ಅವಳ ತಮ್ಮ ಮೆಕ್ಯಾನಿಕ್. ಒಂದು ಭಾನುವಾರ ಬಂದು ಬಾನೆಟ್ ಎತ್ತಿದ, ಎಂಜಿನ್ ಸದ್ದು ಕೇಳಿದ, ಪರವಾಗಿಲ್ಲ ಎಂದ. ಆಮೇಲೆ ಕಾರಿನ ಕೆಳಗೆ ತೂರಿಕೊಂಡವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಟೈಲ್ಸ್ ಅಂಗಡಿಯವನು ಗಿರಾಕಿ ಬಂದರೆಂದು ಒಳಗೆ ಹೋದಾಗ ಮೆಲ್ಲಗೆ ಕರೆದ. "ಭಾವ, ಬಗ್ಗಿ ನೋಡಿ ಇಲ್ಲಿ."

ಮುಂದಿನ ಚಕ್ರ ಗಾಡಿಯ ಚೌಕಟ್ಟಿಗೆ ಕೂಡುವ ಕಡೆ, ಕಪ್ಪು ಬಣ್ಣದ ಕೆಳಗೆ, ಬೆರಳಿಗೆ ಸಿಗುವ ಒಂದು ಉಬ್ಬು.

"ಬೆಸುಗೆ. ಒಂದ್ಸಲ ಮಕಾಡೆ ಬಿದ್ದಿರೋ ಗಾಡಿ ಇದು. ಯಾವನೋ ಅಡ್ನಾಡಿ ವೆಲ್ಡಿಂಗ್ ಮಾಡಿ ಮೇಲೆ ಬಣ್ಣ ಬಳಿದಿದ್ದಾನೆ. ಸುಮ್ನೆ ಮೆಲ್ಲಗೆ ಓಡಿಸ್ಕೊಂಡಿದ್ರೆ ವರ್ಷಗಟ್ಲೆ ಏನೂ ಆಗಲ್ಲ. ಒಂದಿನ ಜೋರಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿ, ಆಗ ನೀವೊಂದು ಕಡೆ, ಚಕ್ರ ಒಂದು ಕಡೆ."

"ಸರಿ ಮಾಡಕ್ಕಾಗಲ್ವಾ?"

"ಆಗತ್ತೆ. ಆದ್ರೆ ಮುಂಭಾಗ ಪೂರ್ತಿ ಬಿಚ್ಚಬೇಕು. ಬೇಡ ಭಾವ, ಕೈಮುಗೀತೀನಿ, ಆಸೆ ಬಿಡಿ."

ಆಸೆ ಬಿಟ್ಟರೇ ನಮ್ಮ ಮೇಷ್ಟ್ರು? ಬಿಡಲಿಲ್ಲ, ಹಿಡಿಯಲೂ ಇಲ್ಲ. ಅವರ ತಲೆಯಲ್ಲಿ ಒಂದು ಲೆಕ್ಕಾಚಾರ ಶುರುವಾಯಿತು. ಯಾರೂ ಕೊಳ್ಳದೆ ಇನ್ನೂ ಸ್ವಲ್ಪ ದಿನ ಕಾರು ಅಲ್ಲೇ ಬಿದ್ದಿದ್ದರೆ ಬೆಲೆ ಇನ್ನೂ ಇಳಿಯುತ್ತದೆ. ಇಳಿದಾಗ ತೆಗೆದುಕೊಂಡು, ಭಾವಮೈದನ ಕೈಕಾಲು ಹಿಡಿದು, ಬಿಡುವಿದ್ದಾಗ ಬಿಚ್ಚಿಸಿ ಸರಿ ಮಾಡಿಸಿದರಾಯಿತು. ಆದರೆ ಬೆಸುಗೆ ವಿಷಯ ಬಾಯಿಂದ ಬಾಯಿಗೆ ಹೋದರೆ ಅಂಗಡಿಯವನು ಇನ್ನು ಯಾರೂ ಕೊಳ್ಳುವುದಿಲ್ಲವೆಂದು ರೇಗಿ ಗುಜರಿಗೆ ಹಾಕಿಬಿಟ್ಟಾನು. ಅದಕ್ಕೇ ಭಾವಮೈದನಿಗೆ, "ಯಾರ ಹತ್ರನೂ ಬಾಯಿಬಿಡಬೇಡ ಮಾರಾಯ" ಎಂದರು. ಅಂಗಡಿಯವನಿಗೆ ಹೇಳಿದ್ದು ಅದೇ ಹಳೇ ರಾಗ, "ನೋಡೋಣ". ಹೆಂಡತಿ ಕೇಳಿದ್ದಕ್ಕೂ, "ಸಣ್ಣಪುಟ್ಟ ಕೆಲಸ ಇದೆಯಂತೆ, ನೋಡೋಣ".

ಹೀಗೆ ಮೀನಮೇಷ ಎಣಿಸುತ್ತಿರುವಾಗಲೇ ರಕ್ತದ ಹುಡುಗಿ ಆ ಮಾತೆತ್ತಿದ್ದು.

ರಕ್ತದ ಹುಡುಗಿ ಎಂದರೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ. ಎಂಥ ಮುದುಕರ ಒಣಗಿದ ಕೈಯಲ್ಲೂ ನರ ಹುಡುಕಿ, ಇರುವೆ ಕಚ್ಚಿದಷ್ಟೂ ನೋವಾಗದ ಹಾಗೆ ಸೂಜಿ ಇಳಿಸುತ್ತಿದ್ದಳು. ಜನ ಬೇರೆಯವರ ಕೈಗೆ ಕೈ ಕೊಡದೆ ಅವಳಿಗಾಗಿ ಕಾಯುತ್ತ ಕೂರುತ್ತಿದ್ದರು. ಅದೇ ಹುಡುಗಿ ಸ್ಟೀರಿಂಗ್ ಮುಂದೆ ಕೂತರೆ ಮಾತ್ರ ಗಡಗಡ. ಮೊದಲ ಪಾಠದಲ್ಲಿ ಎದುರಿಗೆ ಬಸ್ಸು ಬಂದದ್ದೇ, ಎರಡೂ ಕೈ ಬಿಟ್ಟು ಕಣ್ಣು ಮುಚ್ಚಿಕೊಂಡಿದ್ದಳು. ಮೇಷ್ಟ್ರೇ ತಮ್ಮ ಬ್ರೇಕು ಒತ್ತಿ ನಿಲ್ಲಿಸಿದ್ದರು. ಬೇರೆಯವರಾಗಿದ್ದರೆ, "ನಿನಗೆ ಈ ಜನ್ಮದಲ್ಲಿ ಬರಲ್ಲ ಹೋಗಮ್ಮ" ಎಂದು ಕಳಿಸುತ್ತಿದ್ದರು. ಮೇಷ್ಟ್ರು ಕಳಿಸಲಿಲ್ಲ. ಬೈಯಲಿಲ್ಲ, ದನಿ ಎತ್ತಲಿಲ್ಲ. ಖಾಲಿ ಮೈದಾನದಲ್ಲಿ ಸುತ್ತಿಸಿದರು, ಒಂದೇ ಏರನ್ನು ಮತ್ತೆ ಮತ್ತೆ ಹತ್ತಿಸಿದರು. "ಹೆದರಿಕೆ ಆದಾಗ ಕಾಲು ಎತ್ತಬೇಡ, ಸ್ಟೀರಿಂಗ್ ತಿರುಗಿಸಬೇಡ. ನೇರ ಹಿಡ್ಕೊಂಡು ಬ್ರೇಕ್ ಗಟ್ಟಿಯಾಗಿ ಒತ್ತು. ಗಾಡಿ ನಿಂತೇ ನಿಲ್ಲತ್ತೆ" ಎಂದು ಪಾಠ ಹೇಳಿದರು. ಲೈಸೆನ್ಸ್ ಸಿಕ್ಕ ದಿನ ಹುಡುಗಿ ಅತ್ತುಬಿಟ್ಟಳು. ಮಕ್ಕಳಿಲ್ಲದ ಮೇಷ್ಟ್ರಿಗೂ ಕಣ್ಣು ಒದ್ದೆಯಾಯಿತು. ಅಂದಿನಿಂದ ಅವಳಿಗೆ ಮೇಷ್ಟ್ರ ಮಾತೆಂದರೆ ಬರೆದಿಟ್ಟ ಹಾಗೆ.

ಅವಳು ಡ್ರೈವಿಂಗ್ ಸ್ಕೂಲಿನ ಮೆಟ್ಟಿಲ ಹತ್ತಿರ ಸಿಕ್ಕು ಹೇಳಿದಳು, "ಮೇಷ್ಟ್ರೇ, ಟೈಲ್ಸ್ ಅಂಗಡಿ ಹಿಂದೆ ಒಂದು ನೀಲಿ ಕಾರಿದೆಯಲ್ಲ, ಅದನ್ನ ತಗೊಳ್ಳೋಣ ಅಂತಿದ್ದೀನಿ."

ಮೇಷ್ಟ್ರು ಹತ್ತುತ್ತಿದ್ದ ಮೆಟ್ಟಿಲಲ್ಲೇ ನಿಂತರು.

"ನಗಬೇಡಿ ಮತ್ತೆ. ಹೆದರುಪುಕ್ಕಲಿ ಅಂತ ಎಲ್ರೂ ಆಡ್ಕೊಂಡ್ರಲ್ಲ, ಅದಕ್ಕೇ ಅಂಥದ್ದೇ ಬೇಕು ನಂಗೆ. ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಸ್ಪೇರ್ ಸಿಗಲ್ಲ, ಎಲ್ಲಾ ಗೊತ್ತು. ಅಮ್ಮನ ಹತ್ರ ಬೈಸ್ಕೊಂಡೂ ಆಯ್ತು. ಅದನ್ನೆಲ್ಲ ನಾನು ನೋಡ್ಕೋತೀನಿ. ನೀವೂ ಆ ಕಾರು ನೋಡಿದ್ರಂತಲ್ಲ, ಅಂಗಡಿಯವ್ರು ಹೇಳಿದ್ರು. ಗಾಡಿ ಹೇಗಿದೆ? ತಗೋಬಹುದಾ?"

ಅಲ್ಲ, ಇದಕ್ಕಿಂತ ನೇರವಾಗಿ ಯಾರು ಕೇಳುತ್ತಾರೆ ಹೇಳಿ? "ಬೇಡ ಕಣಮ್ಮ, ಬೆಸುಗೆ ಹಾಕಿದ ಗಾಡಿ" ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆ ಮಾತು ಮೇಷ್ಟ್ರ ನಾಲಿಗೆ ತುದಿಯವರೆಗೂ ಬಂತು. ಆದರೆ ಹಾಗೆಂದರೆ ಅವಳು ಹೋಗಿ ಅಂಗಡಿಯವನನ್ನು ಕೇಳುತ್ತಾಳೆ, ಅವನು ರೇಗುತ್ತಾನೆ, ಕಾರು ಗುಜರಿಗೆ ಹೋಗುತ್ತದೆ. ಹೂಂ ಎನ್ನಲು ಮನಸ್ಸು ಬರಲಿಲ್ಲ, ಅವರೇನು ಪಾಪಿಯೇ? ಬೇಡ ಎನ್ನಲು ಆಸೆ ಬಿಡಲಿಲ್ಲ. ಎಲ್ಲೋ ನೋಡುತ್ತ, ಎರಡೇ ಮಾತು ಹೇಳಿದರು.

"ನೋಡಿ ತಗೋ."

ಹುಷಾರಾಗಿ ನೋಡು, ಪರೀಕ್ಷೆ ಮಾಡಿಸು, ಆಮೇಲೆ ಬೇಕಾದರೆ ತಗೋ. ಮೇಷ್ಟ್ರು ಅಂದುಕೊಂಡದ್ದು ಹೀಗೆ. ಎಚ್ಚರಿಕೆ ಕೊಟ್ಟ ಹಾಗೂ ಆಯಿತು, ಗುಟ್ಟು ಉಳಿದ ಹಾಗೂ ಆಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹುಡುಗಿಯ ಕಿವಿಗೆ ಬಿದ್ದದ್ದು ಬೇರೆ. ಮೇಷ್ಟ್ರು ಬೇಡ ಎನ್ನಲಿಲ್ಲ. ಒಂದ್ಸಲ ಹೋಗಿ ನೋಡು, ತಗೋ ಎಂದರು. ಅವಳು ಹೋದಳು, ನೋಡಿದಳು. ಕಾರಿನ ಕೆಳಗೆ ತೂರಿ ನೋಡುವುದು ಅವಳಿಗೇನು ಗೊತ್ತು? ನೀಲಿ ಬಣ್ಣ ನೋಡಿದಳು, ತಗೊಂಡಳು.

ಮನೆ ಮುಂದೆ ಹಾರ್ನ್ ಕೇಳಿ ಮೇಷ್ಟ್ರು ಹೊರಗೆ ಬಂದರೆ ನೀಲಿ ಕಾರು. ಒಳಗಿನಿಂದ ಹುಡುಗಿ ಹೊಳೆಯುವ ಮುಖ ಮಾಡಿಕೊಂಡು ಇಳಿದಳು. "ಮೇಷ್ಟ್ರೇ, ನಿಮ್ಮ ಒಂದು ಮಾತಿನ ಮೇಲೆ ತಗೊಂಡೆ. ಬನ್ನಿ, ಮೊದಲು ಕೂತ್ಕೊಳ್ಳೋದು ನೀವೇ."

ಮೇಷ್ಟ್ರು ಸೊಂಟ ಬಗ್ಗಿಸಿ ಪಕ್ಕದ ಸೀಟಿನಲ್ಲಿ ಕೂತರು. ಹುಡುಗಿ ಎಷ್ಟು ಚೆನ್ನಾಗಿ ಓಡಿಸಿದಳೆಂದರೆ, ಅವಳೇ ಕಣ್ಣು ಮುಚ್ಚಿ ಕೂತಿದ್ದವಳು ಎಂದು ಯಾರೂ ನಂಬುವಂತಿರಲಿಲ್ಲ. ಗೇರು ಬೆಣ್ಣೆಯಲ್ಲಿ ಚಾಕು ಆಡಿದಂತೆ ಬೀಳುತ್ತಿತ್ತು. ಅಗಲ ರಸ್ತೆಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಿತು. ಇಷ್ಟು ವರ್ಷ ಕಾಣದ ವೇಗ ಅದು, ಆದರೂ ಒಂದು ಚೂರು ಸುಖವಾಗಲಿಲ್ಲ. ಅವರ ಕಾಲು ಇಲ್ಲದ ಬ್ರೇಕನ್ನು ಹುಡುಕಿ ಹುಡುಕಿ ಮ್ಯಾಟನ್ನು ಒತ್ತುತ್ತಿತ್ತು.

"ಹೆದರ್ಕೊಂಡ್ರಾ?" ಎಂದು ಅವಳು ನಕ್ಕಳು. "ಈಗ ನಿಮಗೆ ಹೆದರಿಕೆ, ನಂಗಲ್ಲ."

"ಅಮ್ಮಾ, ಅದು..." ಎಂದರು ಮೇಷ್ಟ್ರು. ಹೇಳಬೇಕು. ಹೇಳಿದರೆ ಏನೆಂದು ಹೇಳುವುದು? ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಎಂದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು? "ಅದೇ, ನಿಧಾನಕ್ಕೆ ಓಡಿಸು ಅಂತ."

ಆಮೇಲೆ ಒಂದು ದಿನ ಸಕ್ಕರೆ ಕಾಯಿಲೆ ಪರೀಕ್ಷೆಯ ನೆಪ ಮಾಡಿಕೊಂಡು ಲ್ಯಾಬಿಗೇ ಹೋದರು. ಬಿಳಿ ಟ್ಯೂಬ್‌ಲೈಟು, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಸ್ಪಿರಿಟ್ಟಿನ ವಾಸನೆ. ಹುಡುಗಿ ಅವರ ತೋಳಿಗೆ ಪಟ್ಟಿ ಬಿಗಿದು, ಎರಡು ಬೆರಳಿನಿಂದ ಮೆಲ್ಲಗೆ ನರ ಮುಟ್ಟಿ ನೋಡಿ, ಮಾತಾಡುತ್ತಿರುವಾಗಲೇ ಸೂಜಿ ಇಳಿಸಿದಳು. ಗೊತ್ತೇ ಆಗಲಿಲ್ಲ.

"ಒಂದ್ಸಲ ನನ್ನ ಭಾವಮೈದನ ಹತ್ರ ಗಾಡಿ ತೋರಿಸಮ್ಮ."

"ಯಾಕೆ ಮೇಷ್ಟ್ರೇ, ಏನಾದ್ರೂ ತೊಂದ್ರೆ ಇದ್ಯಾ?"

ನೋಡಿ, ಇನ್ನೊಂದು ಸಲ ಕೇಳಿದಳು! ಬಾಗಿಲಲ್ಲಿ ಜನ ಕಾಯುತ್ತಿದ್ದರು. "ಹಾಗೇನಿಲ್ಲ. ಸುಮ್ನೆ, ಸರ್ವೀಸಿಗೆ" ಎಂದುಬಿಟ್ಟರು ಮೇಷ್ಟ್ರು. ಮುಂದಿನ ತಿಂಗಳು ತೋರಿಸ್ತೀನಿ ಎಂದು ಅವಳು ಹತ್ತಿ ಒತ್ತಿ ಕಳಿಸಿದಳು.

ಗುಟ್ಟು ಒಡೆದದ್ದು ಭಾವಮೈದನಿಂದ. ಅಕ್ಕನ ಅಂಗಡಿಯಲ್ಲಿ ಅಂಗಿಗೆ ಗುಂಡಿ ಹಾಕಿಸಿಕೊಳ್ಳುತ್ತ, "ಆ ನೀಲಿ ಕಾರನ್ನ ಯಾವಳೋ ಹುಡುಗಿ ತಗೊಂಡ್ಲಂತೆ. ಪಾಪ, ಬೆಸುಗೆ ಗಾಡಿ ಅಂತ ಯಾರೂ ಹೇಳ್ಲಿಲ್ವೇನೋ" ಎಂದ. ಕಾರು ತಗೊಂಡದ್ದು ರಕ್ತದ ಹುಡುಗಿಯೆಂದು ಗೊತ್ತಿದ್ದ ಹೆಂಡತಿ ಅಂಗಡಿಗೆ ಬೀಗ ಹಾಕಿ ನೇರ ಮನೆಗೆ ಬಂದಳು.

"ನಿಮಗೆ ಗೊತ್ತಿತ್ತಾ?"

ಮೇಷ್ಟ್ರು ತಲೆ ತಗ್ಗಿಸಿದರು.

"ಅವಳು ನಿಮ್ಮನ್ನ ಕೇಳಿದ್ಲಾ?"

"ನೋಡಿ ತಗೋ ಅಂದಿದ್ದೆ."

"ಥೂ!" ಎಂದಳು ಹೆಂಡತಿ. ಮದುವೆಯಾದ ಮೇಲೆ ಒಂದು ದಿನವೂ ಆಡದ ಮಾತು. "ಏನ್ರೀ ಅದು, ನೋಡಿ ತಗೋ? ತರಕಾರಿನಾ? ಫೋನ್ ಮಾಡಿ. ಈಗ್ಲೇ."

"ಫೋನಲ್ಲಿ ಹೇಳೋ ಮಾತಲ್ಲ ಕಣೇ. ಭಾನುವಾರ ಅವಳಿಗೆ ರಜ. ಮನೆಗೇ ಹೋಗಿ ಎದುರಿಗೆ ಕೂತು ಹೇಳ್ತೀನಿ. ಆಣೆ ಮಾಡಿ ಹೇಳ್ತೀನಿ."

ಈ ಸಲ ಅವರು ಸುಳ್ಳಾಡಿರಲಿಲ್ಲ. ಏನು ಹೇಳಬೇಕೆಂದು ಪಾಠದ ಕಾರಿನಲ್ಲಿ ಕೂತು ತಮ್ಮಷ್ಟಕ್ಕೆ ಗುನುಗಿಕೊಳ್ಳುತ್ತಿದ್ದರು ಕೂಡ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ, ಕಾರನ್ನು ತಾವೇ ನಿಂತು ಬಿಚ್ಚಿಸಿ ಸರಿ ಮಾಡಿಸಿಕೊಡಬೇಕು, ಹುಡುಗಿ ಬೈದರೆ ಬೈಸಿಕೊಳ್ಳಬೇಕು ಎಂದೆಲ್ಲ ಅಂದುಕೊಂಡಿದ್ದರು. ಆದರೆ ಶನಿವಾರವೇ ಸುದ್ದಿ ಬಂತು.

ಗೋಡೌನಿನ ಗೇಟಿನಿಂದ ಒಂದು ಲಾರಿ ನೋಡದೆ ಕೇಳದೆ ಹಿಂದಕ್ಕೆ ಬಂದು ರಸ್ತೆಗೆ ಅಡ್ಡವಾಯಿತಂತೆ. ಹುಡುಗಿ ಜೋರಾಗೇ ಬರುತ್ತಿದ್ದಳು. ಬ್ರೇಕ್ ಹಾಕಿದಳು. ಲಾರಿಗೆ ತಾಗಲಿಲ್ಲ. ಆದರೆ ಕಾರು ಒಮ್ಮೆಲೇ ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗಿ ಗೋಡೆಗೆ ಹೊಡೆಯಿತು. ಭಾವಮೈದ ಹೋಗಿ ನೋಡಿ ಬಂದ. ಮುಂದಿನ ಚಕ್ರ ಒಳಗೆ ಮಡಿಚಿಕೊಂಡಿತ್ತು. ಬೆಸುಗೆ ಬಾಯಿಬಿಟ್ಟಿತ್ತು. "ಹೇಳಿದ್ನಲ್ಲ ಭಾವ" ಎಂದಷ್ಟೇ ಹೇಳಿ ಹೊರಟುಹೋದ.

ಜೀವಕ್ಕೆ ಅಪಾಯವಿರಲಿಲ್ಲ. ಬಲಗೈ ಮಣಿಕಟ್ಟು ಪುಡಿಯಾಗಿತ್ತು. ಮೂಳೆ ಕೂಡುತ್ತದೆ, ಬೆರಳಿನ ನರಗಳದ್ದು ಮಾತ್ರ ಹೇಳಲಾಗದು ಎಂದಿದ್ದರು ಡಾಕ್ಟರು. ಚಮಚ ಹಿಡಿಯಬಹುದು, ಪೆನ್ನು ಹಿಡಿಯಬಹುದು. ಸೂಜಿಯ ಕೆಲಸ ಕಷ್ಟ.

ಮೇಷ್ಟ್ರು ಆಸ್ಪತ್ರೆಗೆ ಹೋದಾಗ ಹುಡುಗಿಯ ಅಮ್ಮ ಹಾಸಿಗೆ ಪಕ್ಕ ಸ್ಟೂಲಿನಲ್ಲಿ ಕೂತಿದ್ದರು. ಮೇಷ್ಟ್ರನ್ನು ಕಂಡು ಎದ್ದು ಜಾಗ ಬಿಟ್ಟುಕೊಟ್ಟರು. "ಬನ್ನಿ, ಕೂತ್ಕೊಳ್ಳಿ. ನಿಮ್ಮನ್ನೇ ನೆನೆಸ್ತಾ ಇದ್ಲು."

ಹುಡುಗಿಯ ಕೈ ಭುಜದವರೆಗೂ ಬಿಳಿ ಕಟ್ಟಿನಲ್ಲಿತ್ತು. ಮುಖ ಬಾಡಿತ್ತು. ಮೇಷ್ಟ್ರನ್ನು ನೋಡಿದ್ದೇ ಕಣ್ಣಲ್ಲಿ ನೀರು ತುಂಬಿಕೊಂಡಳು.

"ಕ್ಷಮಿಸ್ಬಿಡಿ ಮೇಷ್ಟ್ರೇ. ಅಷ್ಟು ಕಷ್ಟಪಟ್ಟು ಕಲಿಸಿದ್ರಿ, ಹೆಸರು ಕೆಡಿಸ್ಬಿಟ್ಟೆ. ಲಾರಿ ನೋಡಿ ಗಾಬರಿಯಾಗಿ ಸ್ಟೀರಿಂಗ್ ತಿರುಗಿಸ್ಬಿಟ್ಟೆ ಅನ್ಸತ್ತೆ. ನೇರ ಹಿಡಿದಿದ್ದೆ ಅಂತಾನೇ ನೆನಪು, ಆದ್ರೆ ನೇರ ಹಿಡಿದಿದ್ರೆ ಗೋಡೆಗೆ ಯಾಕೆ ಹೋಗ್ತಿತ್ತು? ನನ್ನಂಥವಳು ಕಾರು ಮುಟ್ಟಲೇಬಾರದಿತ್ತು."

"ನಿಮ್ಮ ತಪ್ಪೇನೂ ಇಲ್ಲ ಬಿಡಿ" ಎಂದರು ಅಮ್ಮ. "ನೀವು ಚೆನ್ನಾಗೇ ಕಲಿಸಿದ್ರಿ. ಇವಳಿಗೇ ಹಣೇಲಿ ಬರೆದಿರಲಿಲ್ಲ."

ಅಲ್ಲಿಗೆ ಮುಗಿಯಿತು ನೋಡಿ. ಇನ್ನು ಯಾರೂ ಏನೂ ಕೇಳುವುದಿಲ್ಲ. ಗುಜರಿಯವನು ಕಾರನ್ನು ಎತ್ತಿಕೊಂಡು ಹೋಗಿಯಾಗಿತ್ತು. ಭಾವಮೈದನಾಗಲಿ ಹೆಂಡತಿಯಾಗಲಿ ಹೊರಗಿನವರ ಮುಂದೆ ಅವರ ಮಾನ ಕಳೆಯುವವರಲ್ಲ. ತಲೆ ಸವರಿ, ಬೇಗ ವಾಸಿಯಾಗಲಿ ಎಂದು ಹೇಳಿ ಎದ್ದು ಬಂದಿದ್ದರೆ ಮೇಷ್ಟ್ರ ಮರ್ಯಾದೆಗೆ ಕೂದಲಷ್ಟೂ ಕುಂದು ಬರುತ್ತಿರಲಿಲ್ಲ. ಒಂದು ಕ್ಷಣ ಹಾಗೇ ಮಾಡಿಬಿಡೋಣ ಎಂದೂ ಅನ್ನಿಸಿತು. ಸುಳ್ಳೇಕೆ ಹೇಳಲಿ, ಅನ್ನಿಸಿತು. ಆದರೆ ಮೈದಾನದಲ್ಲಿ ಅಷ್ಟು ದಿನ ಸುತ್ತಿಸಿ ಅವಳ ಎದೆಯಿಂದ ಕಿತ್ತು ತೆಗೆದಿದ್ದ ಹೆದರಿಕೆ ಮತ್ತೆ ಅವಳ ಕಣ್ಣಲ್ಲಿ ಬಂದು ಕೂತಿತ್ತು. ಅದನ್ನು ನೋಡಿಕೊಂಡು ಏಳಲು ಅವರಿಂದಾಗಲಿಲ್ಲ.

"ನೀನು ತಿರುಗಿಸಲಿಲ್ಲ ಕಣಮ್ಮ" ಎಂದರು. "ಆ ಕಾರಿನ ಮುಂದಿನ ಚಕ್ರದ ಹತ್ರ ಬೆಸುಗೆ ಹಾಕಿತ್ತು. ಗಟ್ಟಿಯಾಗಿ ಬ್ರೇಕ್ ಹಾಕಿದ್ರೆ ಕಿತ್ತುಹೋಗತ್ತೆ ಅಂತ ನನ್ನ ಭಾವಮೈದ ಹೇಳಿದ್ದ. ನೀನು ಕೇಳೋಕೆ ಮುಂಚೆನೇ ನಂಗೆ ಗೊತ್ತಿತ್ತು. ಆ ಕಾರಿನ ಮೇಲೆ ನಂಗೂ ಆಸೆ ಇತ್ತು. ಅದಕ್ಕೇ ಹೇಳ್ಲಿಲ್ಲ."

ಅಮ್ಮನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಹುಡುಗಿ ಮೇಷ್ಟ್ರನ್ನೇ ನೋಡಿದಳು. ಸಿಟ್ಟಾಗುತ್ತಾಳೆ, ಕೂಗುತ್ತಾಳೆ ಎಂದು ಮೇಷ್ಟ್ರು ಕಾದರು. ಕೂಗಿದ್ದರೆ ಚೆನ್ನಾಗಿರುತ್ತಿತ್ತು.

"ಅಂದ್ರೆ, ನಾನು ಸರಿಯಾಗೇ ಓಡಿಸ್ತಿದ್ನಾ?"

"ಸರಿಯಾಗೇ ಓಡಿಸ್ತಿದ್ದೆ. ನಾನು ಹೇಳಿಕೊಟ್ಟ ಹಾಗೇ ನೇರ ಹಿಡಿದು ಗಟ್ಟಿಯಾಗಿ ಬ್ರೇಕ್ ಒತ್ತಿದೆ. ಅದಕ್ಕೇ ಕಿತ್ತುಬಂತು."

ಹುಡುಗಿ ಕಟ್ಟು ಹಾಕಿದ ಕೈಯನ್ನು ಎತ್ತಲು ನೋಡಿದಳು. ಆಗಲಿಲ್ಲ. ಎಡಗೈಯಿಂದ ಕಣ್ಣೊರೆಸಿಕೊಂಡು, ಗೋಡೆಯ ಕಡೆಗೆ ಮುಖ ತಿರುಗಿಸಿದಳು.

"ಎರಡು ಸಲ ಕೇಳಿದ್ನಲ್ಲ ಮೇಷ್ಟ್ರೇ" ಎಂದಳು. "ಬೇರೆ ಯಾರನ್ನೂ ಕೇಳ್ಲಿಲ್ಲ, ನಿಮ್ಮನ್ನೇ ಕೇಳಿದ್ನಲ್ಲ."